ಒಂದೇ ಸಲ ಒತ್ತಿದ ಪೆಡಲ್

ನಮ್ಮ ಸೀಮೆಯಲ್ಲಿ ಗಿಟಾರ್ ಹಿಡಿದವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವಮಾನವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತದೆ. ನಾನು ಮಧುಗಿರಿಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ನನ್ನ ಓವರ್‌ಡ್ರೈವ್ ಪೆಡಲ್ ಮಾರಲು ಹೊರಟ ಮೇಲಂತೂ ಅದು ದಿನಾ ಬರತೊಡಗಿತು.

ಬಳಸಿದ್ದು ಕಮ್ಮಿ ಯಾಕೆ

ಓವರ್‌ಡ್ರೈವ್ ಅಂದರೆ ಅಂಗೈಯಗಲದ ಡಬ್ಬ. ಕಾಲಲ್ಲಿ ಒತ್ತಿದರೆ ಗಿಟಾರಿನ ನಯವಾದ ದನಿ ಒರಟಾಗಿ ಗರ್ಜಿಸುತ್ತದೆ. ಆ ದನಿಗಾಗಿ ವರ್ಷಗಟ್ಟಲೆ ಆಸೆಪಟ್ಟು ಕೊಂಡಿದ್ದೆ. ಮಿಡಿಗೇಶಿಯಲ್ಲಿ ಗಣೇಶನ ಕೂರಿಸಿದ್ದಾಗ, ಹಾಡಿನ ನಡುವೆ ಮೊದಲ ಸಲ ಒತ್ತಿದೆ. ಮೈಕ್‌ಸೆಟ್ಟಿನ ಯಜಮಾನರು ಲುಂಗಿ ಎತ್ತಿಕಟ್ಟಿಕೊಂಡು ವೇದಿಕೆಗೆ ಓಡಿಬಂದು ನನ್ನ ವೈರನ್ನೇ ಕಿತ್ತರು.

"ಲೇ, ಸ್ಪೀಕರ್ ಅರ್ದೋಯ್ತು ಕಣ್ಲಾ! ಏನ್ ಮಾಡ್ಬುಟ್ಟೆ?"

"ಇಲ್ಲ ಯಜಮಾನ್ರೇ, ಅದು ಹಂಗೇ ಬರಬೇಕು."

"ಅಂಗೇ ಬರ್ಬೇಕಾ? ನಿಮ್ಮಪ್ಪ ತಂದ್ಕೊಡ್ತಾನಾ ಸ್ಪೀಕರು?"

ಜನ ಚಪ್ಪಾಳೆ ತಟ್ಟಿದರು, ಅವರಿಗೆ.

ಅಂದಿನಿಂದ ಅವರ ಮೈಕ್‌ಸೆಟ್ ಇದ್ದಲ್ಲೆಲ್ಲ ನನ್ನ ಪೆಡಲಿಗೆ ಪ್ರವೇಶವಿಲ್ಲ. ಅವರ ಮೈಕ್‌ಸೆಟ್ ಇಲ್ಲದ ಕಾರ್ಯಕ್ರಮ ನಮ್ಮ ಕಡೆ ಇಲ್ಲ. ನನ್ನ ಕಾಲಡಿ ಕೂಗದಿದ್ದರೂ ಬೇರೆಯವರ ಹತ್ತಿರವಾದರೂ ಕೂಗಲಿ ಎಂದು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟೆ.

ಕುಂಕುಮದ ಸಾಕ್ಷಿ

"ಒಂದೇ ಸಲ ಬಳಸಿದ್ದು" ಎಂದು ಬರೆದಿದ್ದೆ. ಸಿರಾದಿಂದ ಒಬ್ಬ ಫೋನ್ ಮಾಡಿದ.

"ಸುಳ್ಳು ಯಾಕೆ ಹೇಳ್ತೀರಾ ಭಾಯ್? ಫೋಟೋದಲ್ಲಿ ಕುಂಕುಮ ಪದರ ಪದರ ಮೆತ್ತೈತೆ."

ಆಯುಧಪೂಜೆಗೆ ನಮ್ಮಮ್ಮ ಈಳಿಗೆಮಣೆ, ಸೈಕಲ್ ಜೊತೆ ಪೆಡಲಿಗೂ ಬೊಟ್ಟಿಡುತ್ತಾಳೆ. "ಬಳಸಿದ್ದು ಒಂದೇ ಸಲ, ಪೂಜೆ ಮಾತ್ರ ಪ್ರತಿ ವರ್ಷ" ಅಂದೆ.

"ಪೂಜೆ ಮಾಡಿದ ಸಾಮಾನು ಮಾರ್ತೀರಾ? ತೋಬಾ ತೋಬಾ!"

ಫೋನ್ ಇಟ್ಟುಬಿಟ್ಟ. ನಮ್ಮಮ್ಮನೂ ಬೆಳಿಗ್ಗೆ ಇದೇ ಮಾತಿಗೆ ಬೈದಿದ್ದಳು.

ಬಿಟ್ಟಿ ಕೆಲಸ

ಪಾವಗಡದ ಕ್ಯಾತಗಾನಚೆರ್ಲಿನವನೊಬ್ಬ ವಿಡಿಯೋ ಕಾಲಿನಲ್ಲಿ ಪರೀಕ್ಷೆ ಮಾಡಿದ. ಪೆಡಲ್ ಇಲ್ಲದೆ ನುಡಿಸಿದೆ, ತಲೆದೂಗಿದ. ಒತ್ತಿ ನುಡಿಸಿದೆ, ಮುಖ ಕಿವುಚಿದ.

"ಏಮಣ್ಣಾ, ಮೊದ್ಲು ಚೆನ್ನಾಗಿತ್ತು ಕದಾ. ಒತ್ತಿದ್ ಮ್ಯಾಲೆ ಕೆಟ್ಟೋಯ್ತು."

"ಅದರ ಕೆಲಸವೇ ಅದು."

"ಕೆಡಿಸಾಕೂ ದುಡ್ಡಾ? ಊರ್ ತುಂಬಾ ಸೋಲಾರ್ ಹಾಕವ್ರೆ, ಆದ್ರೂ ನಮ್ಮನೆ ಕರೆಂಟು ಏರಿಳಿದು ರೇಡಿಯೋನ ಗೊರಗೊರ ಅನ್ಸಿ ಈ ಕೆಲ್ಸ ಬಿಟ್ಟಿ ಮಾಡ್ತೈತೆ!"

ಕೊನೆಗೂ ಹೋಯಿತು

ಹೊಳವನಹಳ್ಳಿಯಿಂದ ಒಂದು ಮೆಸೇಜ್ ಬಂತು: "ನಾನೇ ತಗೊಂತೀನಿ. ಬೇರೆ ಯಾರಿಗೂ ಕೊಡಬ್ಯಾಡಿ." ಚೌಕಾಸಿಯೂ ಇಲ್ಲ! ಕಣ್ಣು ತುಂಬಿ ಬಂತು. ಯಾರೋ ಪುಣ್ಯಾತ್ಮನಿಗೆ ಆ ದನಿಯ ಬೆಲೆ ಗೊತ್ತಿದೆ ಅಂದುಕೊಂಡೆ. ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮವನ್ನೆಲ್ಲ ತಿಕ್ಕಿ ತೆಗೆದು ಬಸ್ಸು ಹತ್ತಿದೆ.

ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದವರು ಮೈಕ್‌ಸೆಟ್ಟಿನ ಯಜಮಾನರು.

"ನೀವಾ? ನಿಮಗ್ಯಾಕೆ ಇದು?"

"ಮೊಬೈಲ್ನಾಗೆ ನೋಡಿ ಎದೆ ಝಲ್ ಅಂತು ಕಣಪ್ಪ. ಇನ್ಯಾವನಾದ್ರೂ ತಗೊಂಡು ಒತ್ಬುಟ್ರೆ ನನ್ ಸ್ಪೀಕರ್ ಗತಿ ಏನು? ಬೀರುನಾಗೆ ಬೀಗ ಹಾಕಿ ಮಡಗ್ತೀನಿ."

ಪೆಡಲನ್ನು ಮಗುಚಿ ಬ್ಯಾಟರಿ ತೆಗೆದು ನನ್ನ ಕೈಗೆ ಕೊಟ್ಟರು. ನಾಲ್ಕು ತಾಲ್ಲೂಕಿನಲ್ಲಿ ಅದರ ಶಕ್ತಿಯನ್ನು ನಂಬಿದವರು ಇವರೊಬ್ಬರೇ.

ಬಸ್ಸು ಹತ್ತುವಾಗ ಹಿಂದಿನಿಂದ ಕೂಗಿದರು.

"ಇಂಥವು ಇನ್ಯಾರ ತಾವಾದ್ರೂ ಅವೇನಪ್ಪ? ಹೇಳು, ಎಲ್ಲಾ ತಗೊಂಡ್ಬುಡ್ತೀನಿ!"