ಅಣ್ಣನಿಗೆ ತಂದ ವೈನು

ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ನಾನು ದುಡಿದ ತೋಟದ ಕೆಂಪು ವೈನು ಯಾವ ಯಾವುದೋ ದೇಶಕ್ಕೆ ಕ್ಷೇಮವಾಗಿ ಹೋಗಿ ಸೇರುತ್ತದೆ. ಬೂಕನಕೆರೆ ಪಕ್ಕದ ನನ್ನ ತವರಿಗೆ ಹೊರಟರೆ ಮಾತ್ರ ಅದಕ್ಕೆ ಏನಾದರೊಂದು ಆಗಿಯೇ ತೀರುತ್ತದೆ.

ಪಾಂಡವಪುರದ ಕಡೆ ಯಂತ್ರ ಜೋಡಿಸಲು ಬಂದಿದ್ದ ಪಾಂಡಿಚೇರಿಯವರೊಬ್ಬರನ್ನು ಮದುವೆಯಾಗುತ್ತೇನೆ ಎಂದಾಗ ನಮ್ಮವರೆಲ್ಲ ಬೇಡವೆಂದರು. ಹೂಂ ಅಂದವನು ಅಣ್ಣನೊಬ್ಬನೇ. ಫ್ರೆಂಚ್ ಪೌರತ್ವವಿದ್ದ ಗಂಡನ ಜೊತೆ ಫ್ರಾನ್ಸಿಗೆ ಹೋದೆ. ಅವರು ಆ ತೋಟದಲ್ಲಿ ಟ್ರಾಕ್ಟರು ರಿಪೇರಿಗೆ ಸೇರಿದರು, ನಾನು ಹಣ್ಣು ಆರಿಸುವುದಕ್ಕೆ. ಕೊಯ್ದ ದ್ರಾಕ್ಷಿ ಯಂತ್ರದ ಪಟ್ಟಿಯ ಮೇಲೆ ಸಾಗಿ ಬರುವಾಗ ಎಲೆ, ಕಾಯಿ, ಕೊಳೆತದ್ದನ್ನು ತೆಗೆದುಹಾಕಬೇಕು. ಮುದುಕಿಯಾಗುವವರೆಗೂ ಅದನ್ನೇ ಮಾಡಿದೆ. ಅಷ್ಟು ದೂರ ಹೋಗಿ ಮಾಡಿದ್ದೇನು ಎಂಬುದನ್ನು ಅಣ್ಣನಿಗೆ ಒಂದು ಗುಟುಕಿನಲ್ಲಿ ತೋರಿಸಬೇಕು ಎನ್ನುವುದೇ ನನ್ನ ಆಸೆ. ಅವನೇನು ಕುಡಿಯದವನಲ್ಲ. ಸಂಜೆಗೆ ಸ್ವಲ್ಪ ಬ್ರಾಂದಿ ಬೇಕೇ ಬೇಕು.

ಎಮ್ಮೆಯ ಅದೃಷ್ಟ

ಮೊದಲ ಸಲ ಬಂದಾಗ ಅಣ್ಣ ನಾಗಮಂಗಲದ ನೆಂಟರ ಮನೆಗೆ ಹೋಗಿದ್ದ. ಬಾಟಲಿ ಏನೆಂದು ಅವ್ವ ಕೇಳಿದಳು. ಅವ್ವನೆದುರು ಹೆಂಡ ಎನ್ನಲು ನಾಚಿಕೆಯಾಗಿ, ದ್ರಾಕ್ಷಿಯಿಂದ ಮಾಡಿದ್ದು ಎಂದಷ್ಟೇ ಹೇಳಿ, ಬಿರಡೆಯನ್ನೂ ಸಡಿಲಿಸಿಟ್ಟು ಚಿಕ್ಕಮ್ಮನ ಮನೆಗೆ ಹೋದೆ. ಅಣ್ಣನೂ ನಾನೂ ಹಿಂತಿರುಗುವಷ್ಟರಲ್ಲಿ ಬಾಟಲಿ ಬರಿದಾಗಿತ್ತು. ಅವ್ವ ಅದನ್ನು ಶಕ್ತಿಗೆ ಕೊಡುವ ದ್ರಾಕ್ಷಾರಿಷ್ಟ ಎಂದುಕೊಂಡಿದ್ದಳು. ಬಾಣಂತಿಯಾಗಿದ್ದ ಅತ್ತಿಗೆಗೆ ಎರಡು ಹೊತ್ತು ಒಂದೊಂದು ಚಮಚ ಕೊಟ್ಟು, ಉಳಿದದ್ದನ್ನು ಆಗ ತಾನೇ ಕರು ಹಾಕಿದ್ದ ಎಮ್ಮೆಯ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಹುಯ್ದಿದ್ದಳು.

ಅಣ್ಣ ಖಾಲಿ ಬಾಟಲಿಯನ್ನು ಮೂಸಿ ಮೂಸಿ ಇಟ್ಟ. ನನ್ನ ಮುಖ ನೋಡಿ ಅವ್ವ ಸಮಾಧಾನ ಹೇಳಿದಳು.

"ಮುಂದಿನ್ ಸಲ ಎರಡು ತಕಬಾ ಕಣಮ್ಮಿ. ಎಮ್ಮೆಗೆ ಒಂದು ಸಾಲ್ದು."

ಪಾಪದ ಯಜಮಾನರು

ಒಮ್ಮೆ ಅಣ್ಣ ಫೋನಿನಲ್ಲಿ ತೋಟದ ಬಗ್ಗೆ ಕೇಳಿದ. ಹೆಮ್ಮೆಯಿಂದ ವಿವರಿಸಿದೆ. ತೋಟದ ಯಜಮಾನರದು ತಾತ ಮುತ್ತಾತರ ಕಾಲದ ಕಲ್ಲಿನ ಬಂಗಲೆ. ನೆಲವೆಲ್ಲ ಬೆಣಚುಕಲ್ಲು. ಬೇರು ಬಿಟ್ಟ ಬಳ್ಳಿಗೆ ನೀರು ಹಾಯಿಸುವುದೇ ಇಲ್ಲ. ಗೊಂಚಲು ಜಾಸ್ತಿಯಾದರೆ ಕಾಯಿರುವಾಗಲೇ ಕತ್ತರಿಸಿ ನೆಲಕ್ಕೆ ಬಿಡುತ್ತಾರೆ. ವೈನನ್ನು ಮರದ ಪೀಪಾಯಿಯಲ್ಲಿಟ್ಟು, ಬಾಟಲಿಗೆ ತುಂಬಿ, ಆಮೇಲೂ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಇಡುತ್ತಾರೆ.

ಅಣ್ಣ ನಾಲೆ ನೀರಿನಲ್ಲಿ ಕಬ್ಬು ಬೆಳೆಯುವವನು. ಕಲ್ಲು ಭೂಮಿ, ನೀರಿಲ್ಲ, ಮನೆ ಹಳೆಯದು, ಮಾಡಿದ ಮಾಲು ವರ್ಷವಾದರೂ ಹೋಗುತ್ತಿಲ್ಲ, ಆ ಮನುಷ್ಯ ನಿನಗೆ ಸಂಬಳ ಹೇಗೆ ಕೊಡುತ್ತಾನೆ ಎಂದು ಕೇಳಿದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮರುವಾರ ಅವನೇ ಫೋನ್ ಮಾಡಿದ.

"ನಿಮ್ ಯಜಮಾನ್ರಿಗೆ ಯೋಳಮ್ಮಿ. ನಾಲೆ ಬಯಲಲ್ಲಿ ಒಂದೆಕ್ರೆ ಗುತ್ತಿಗೆಗೆ ಕೊಡುಸ್ತೀನಿ. ನಾಚ್ಕೋಬ್ಯಾಡಿ, ಬಂದು ಕಬ್ಬು ಆಕ್ಕಳಿ ಅನ್ನು."

ಕೆರೆಯ ಪಾಲು

ಯಜಮಾನರಿಗೆ ಇದನ್ನು ಹೇಳಿದಾಗ ಅವರು ಕಣ್ಣೀರು ಬರುವಷ್ಟು ನಕ್ಕು, ಅಣ್ಣನಿಗೆಂದು ಒಳ್ಳೆಯ ಫಸಲಿನ ಬಾಟಲಿಯೊಂದನ್ನು ಕೊಟ್ಟರು. ಶ್ರೀರಂಗಪಟ್ಟಣ ನೋಡಲು ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದೆ. ಬಿರಡೆ ಎಳೆಯುವ ತಿರುಪನ್ನೂ ಜೊತೆಗಿಟ್ಟೆ. ಅಣ್ಣ ಅಲ್ಲಿಗೇ ಹೋಗಿ ಇಸಕೊಂಡ.

ಒಂದು ಸಂಜೆ ಅವನೂ ಅವನ ಗೆಳೆಯನೂ ಬಾಟಲಿ ಹಿಡಿದು ತೊಣ್ಣೂರು ಕೆರೆ ಏರಿಗೆ ಹೋದರು. ತಿರುಪು ಮನೆಯಲ್ಲಿ ಸಿಗಲಿಲ್ಲವೆಂದು ಹಾಗೇ ಹೋಗಿದ್ದರು. ಅಣ್ಣ ಬಾಟಲಿಯ ಕತ್ತನ್ನು ತಿರುಗಿಸಿಯೇ ತಿರುಗಿಸಿದನಂತೆ. ಗೆಳೆಯ ತಾಳ್ಮೆ ಕೆಟ್ಟು, "ಕೊಡ್ಲಾ ಇಲ್ಲಿ" ಎಂದು ಕಿತ್ತುಕೊಂಡು ಏರಿಯ ಕಲ್ಲಿಗೆ ಕತ್ತನ್ನು ತಾಕಿಸಿದ. ಬುಡದವರೆಗೂ ಸೀಳಿತು. ಮೀನುಗಳು ಕುಡಿದವು ಎಂದು ಅಣ್ಣ ಫೋನಿನಲ್ಲಿ ನಗುತ್ತಿದ್ದ. ನನಗೆ ನಗು ಬರಲಿಲ್ಲ. ತಿರುಪು ಎಲ್ಲಿ ಕಳೆದಿರಿ ಎಂದು ಅತ್ತಿಗೆಯನ್ನು ಕೇಳಿದೆ.

"ಅದೆಲ್ಲೂ ಓಗಿಲ್ಲ ಬುಡವ್ವ. ಎಳ್ನೀರಿಗೆ ತೂತು ಮಾಡಾಕೆ ಬಲು ಲಾಯಕ್ಕಾಗೈತೆ. ತೆಂಗಿನ ಮರುದ್ ತಾವೇ ನೇತಾಕಿವ್ನಿ."

ಎಡೆ

ಮುಂದಿನ ಬಾಟಲಿಯನ್ನು ನಾನೇ ತರುತ್ತೇನೆ ಎಂದಿದ್ದೆ. ಮೊದಲು ಗಂಡನಿಗೆ ಕಾಯಿಲೆ, ಆಮೇಲೆ ನನ್ನ ಮಂಡಿ. ಬರುವಷ್ಟರಲ್ಲಿ ಅಣ್ಣ ಇರಲಿಲ್ಲ.

ಪಿತೃಪಕ್ಷಕ್ಕೆ ಬಂದೆ. ಅಣ್ಣನ ಫೋಟೋ ಮುಂದೆ ಬಾಳೆಲೆ ಹಾಸಿ ಮುದ್ದೆ, ಮಟನ್ ಸಾರು, ಅವನ ಬೀಡಿ, ಅವನ ಬ್ರಾಂದಿ ಎಲ್ಲವನ್ನೂ ಇಟ್ಟಿದ್ದರು. ನಾನು ಬಿರಡೆ ತೆಗೆದು ಲೋಟಕ್ಕೆ ಬಗ್ಗಿಸಿದೆ. ಹಿರಿಯರಿಗಿಂತ ಮುಂಚೆ ರುಚಿ ನೋಡುವಂತಿಲ್ಲವಾದ್ದರಿಂದ ಹೇಗಿರುತ್ತದೆ ಎಂದು ಅತ್ತಿಗೆ ಕೇಳಿದರು. ಒಗರು, ಜೊತೆಗೆ ಒಂಚೂರು ಹುಳಿ, ನಿಧಾನವಾಗಿ ಕುಡಿದರೆ ಗೊತ್ತಾಗುತ್ತದೆ ಎಂದೆ. ಅವರು ತಲೆಯಾಡಿಸಿ ಲೋಟ ಇಸಕೊಂಡು ಒಳಗೆ ಹೋದರು.

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಬದುಕಿದ್ದಾಗ ಒಂದು ಗುಟುಕು ಕುಡಿಸಲಾಗಲಿಲ್ಲ, ಈಗಲಾದರೂ ಕುಡಿಯುತ್ತಿರಬಹುದೇ, ಏನೆನ್ನುತ್ತಿರಬಹುದು ಎಂದು ನಾನು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಅತ್ತಿಗೆಗೆ ಕಂಡಿತು. ಹತ್ತಿರ ಸರಿದು ನನ್ನ ಕೈ ಹಿಡಿದುಕೊಂಡರು.

"ಅಳ್ಬ್ಯಾಡ ಕಣವ್ವ. ನಿಮ್ಮಣ್ಣ ಅದ್ನ ಉಗಿಯಾಕಿಲ್ಲ. ಒಂದಚ್ಚು ಬೆಲ್ಲ ಕದಡಿವ್ನಿ."