ಹೊಡೆದದ್ದಲ್ಲ, ಪಿಳುಕಿಸಿದ್ದು

ಎರಡು ಕಣ್ಣಿದ್ದವರಿಗೆ ಈ ಕಷ್ಟ ತಿಳಿಯೋದಿಲ್ಲ. ಅವರು ಒಂದು ಮುಚ್ಚಿದರೆ ಕಣ್ಣು ಹೊಡೆದಂಗೆ, ಎರಡೂ ಮುಚ್ಚಿದರೆ ಪಿಳುಕಿಸಿದಂಗೆ. ನನಗೆ ಇರೋದೇ ಬಲಗಣ್ಣು. ಅದು ಮುಚ್ಚಿ ತೆರೆದರೆ ಏನರ್ಥ ಅನ್ನೋದನ್ನು ನೋಡಿದವರೇ ತೀರ್ಮಾನ ಮಾಡ್ತಾರೆ. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಒಬ್ಬರೂ ನನ್ನ ಪರವಾಗಿ ತೀರ್ಮಾನ ಮಾಡಿದ್ದಿಲ್ಲ. ಎಡಗಣ್ಣು ಹೇಗೆ ಹೋಯಿತು ಅಂತ ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳಿದ್ದೀನಿ. ಕರಡಿ ಜೊತೆ ಕುಸ್ತಿ ಹಿಡಿದದ್ದು ಅದರಲ್ಲಿ ಚೆನ್ನಾಗಿ ಓಡಿದ ಕಥೆ. ಹೀಗಾಗಿ ನಾನು ಖರೆ ಹೇಳಿದರೂ ಜನ ಮೊದಲು ನನ್ನ ರೆಪ್ಪೆ ನೋಡ್ತಾರೆ. ಇದರಿಂದ ತಂಗಿಯ ಮಗಳ ಮದುವೆಯೇ ಕೈತಪ್ಪೋದರಲ್ಲಿತ್ತು. ಅದು ಕೊನೆಗೆ.

ಅಡ್ಡ ಸೀಟು

ಸಿರುಗುಪ್ಪದಿಂದ ಬರುವ ಬಸ್ಸು. ಡ್ರೈವರ್ ಪಕ್ಕದ ಅಡ್ಡ ಸೀಟಿನಲ್ಲಿ ನಾನು, ಎದುರಿಗೆ ಒಬ್ಬ ಅಜ್ಜಿ, ಮೂಗಿನ ಎರಡೂ ಕಡೆ ಮೂಗುತಿ. ರೈಸ್ ಮಿಲ್ಲಿನ ಹೊಟ್ಟಿನ ಧೂಳು ಕಿಟಕಿಯಿಂದ ನುಗ್ಗಿತು. ನನ್ನ ರೆಪ್ಪೆ ಬಡಿಯಿತು.

"ಏಮಯ್ಯಾ, ನಾಕು ಕನ್ನು ಕೊಡತಾವಾ?" ಅಂದಳು ಅಜ್ಜಿ.

ತೆಲುಗಿನಲ್ಲಿ 'ಕನ್ನು ಕೊಡತಾವಾ' ಅಂದರೆ 'ಕಣ್ಣು ಹೊಡೀತೀಯಾ' ಅಂತ. ನನಗೇನು ಗೊತ್ತಿಲ್ಲದ್ದಲ್ಲ. ಆದರೆ ಕನ್ನಡದ ಕಿವಿಗೆ ಅದು 'ಕೊಡ್ತೀಯಾ' ಅಂತ ಕೇಳುತ್ತೆ. ಅಂಥ ಅವಕಾಶ ನಾನು ಬಿಡೋನಲ್ಲ.

"ಇರೋದ ಒಂದು, ನಿನಗ ಕೊಟ್ಟು ನಾ ಏನ್ ಮಾಡ್ಲಿ ಯವ್ವಾ?"

ಬಸ್ಸೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಆಗ ನಾನು ಗಂಭೀರನಾಗಿ ವಿವರಿಸಿದೆ: "ಇದು ಹೊಡದದ್ದಲ್ಲ, ಪಿಳುಕಿಸಿದ್ದು. ಹೊಡೀಬೇಕಂದ್ರ ಒಂದು ಮುಚ್ಚಿದಾಗ ಇನ್ನೊಂದು ತೆರದಿರಬೇಕು."

"ಇನ್ನೊಂದು ತೆರದಿತ್ತೇನು?"

"ಇಲ್ಲ."

"ಹಂಗಾದ್ರ ಎರಡೂ ಹೊಡದಿ!"

ಕುರುಗೋಡಿನಲ್ಲಿ ಇಳಿಯೋವರೆಗೂ ಅಜ್ಜಿ ಸೆರಗು ಬಿಗಿಯಾಗಿ ಹೊದ್ದುಕೊಂಡೇ ಕೂತಿದ್ದಳು.

ನನ್ನ ನೋಡ್ರಿ

ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಕ್ಯಾಮೆರಾ ಹಿಡಿದಾಗ ಬೇರೆಯವರು ಒಂದು ಕಣ್ಣು ಮುಚ್ಚಬೇಕು, ನನಗೆ ಆ ಶ್ರಮವಿಲ್ಲ. ಕೊಳಗಲ್ಲಿನ ಯಜಮಾನರೊಬ್ಬರು ಪಾಸ್‌ಪೋರ್ಟ್ ಸೈಜಿನ ಫೋಟೊಕ್ಕೆ ಬಂದರು. ಫ್ಲ್ಯಾಶ್ ಬಿದ್ದಾಗಲೆಲ್ಲ ಕಣ್ಣು ಮುಚ್ಚುತ್ತಾರೆ. ತೆಗೆದು ತೆಗೆದು ಸಾಕಾಯಿತು.

"ಯಜಮಾನ್ರ, ನನ್ನ ಮುಖ ನೋಡ್ರಿ. ನಾ ಹೆಂಗ ಅದೀನಿ, ಹಂಗ ಕುಂದರ್ರಿ."

ತಲೆಯಾಡಿಸಿ ಕಲ್ಲಿನ ಹಾಗೆ ಕೂತರು. ಪ್ರಿಂಟ್ ತೆಗೆದು ನೋಡಿದರೆ, ಬಲಗಣ್ಣು ಅಗಲವಾಗಿ ತೆರೆದಿದೆ, ಎಡಗಣ್ಣು ಗಟ್ಟಿಯಾಗಿ ಮುಚ್ಚಿದೆ.

"ಇದೇನ್ರಿ?"

"ನೀವ ಹೇಳಿದ್ರಲ್ಲ! ಭಾಳ ತ್ರಾಸ ಐತಿ ಬಿಡ್ರಿ ನಿಮ್ಮಂಗ ಇರೋದು."

ಬ್ಯಾಂಕಿನ ಆ್ಯಪ್

ಹೊಸ ಆ್ಯಪ್ ಹಾಕಿಸೋಕೆ ಬ್ಯಾಂಕಿಗೆ ಹೋದೆ. ಮನುಷ್ಯ ಜೀವಂತ ಇದ್ದಾನೆ ಅಂತ ಗೊತ್ತಾಗೋಕೆ ಫೋನು 'ಕಣ್ಣು ಮಿಟುಕಿಸಿ' ಅನ್ನುತ್ತೆ. ಮಿಟುಕಿಸಿದೆ. ಒಪ್ಪಲಿಲ್ಲ. ಮತ್ತೆ ಮಿಟುಕಿಸಿದೆ. ಜಪ್ಪಯ್ಯ ಅನ್ನಲಿಲ್ಲ.

ಕೌಂಟರಿನ ಹುಡುಗಿ ತಲೆ ಎತ್ತದೇ ಅಂದಳು: "ಎರಡೂ ಕಣ್ಣು ಮಿಟುಕಿಸ್ಬೇಕ್ರಿ, ಸರ್."

"ಒಂದೇ ಐತ್ರಿ, ಮೇಡಂ."

"ಹಂಗಾದ್ರ ಅದನ್ನ ಎರಡು ಸಲ ಮಿಟುಕಿಸ್ರಿ."

ಕುರುಗೋಡಿನ ಮನೆ

ತಂಗಿಗೆ ಗಂಡ ಇಲ್ಲ. ಮಗಳ ಮದುವೆ ಮಾತಾಡುವ ಹಿರಿತನ ಸೋದರಮಾವನಾದ ನನ್ನದು. ಹುಡುಗ, ಹುಡುಗಿ ಆಗಲೇ ಒಪ್ಪಿಕೊಂಡಿದ್ದರು. ನಾನು, ಹೆಂಡತಿ, ತಂಗಿ ಗಂಡಿನ ಮನೆ ನೋಡೋಕೆ ಕುರುಗೋಡಿಗೆ ಹೊರಟೆವು. ದಾರಿಯಲ್ಲಿ ತಂಗಿ ಕೈ ಹಿಡಿದು ಅಂದಳು: "ಅಣ್ಣಾ, ಹುಡುಗಿ ಭಾಳ ಆಸಿ ಇಟಗೊಂಡಾಳ. ಇವತ್ತೊಂದಿನ ಆ ಕಣ್ಣು ಸುಮ್ಮನಿರಸು."

ಹುಡುಗನ ಅಪ್ಪ ಕೇಳಿದರು: "ಹುಡುಗಿ ಶಾಂತ ಅದಾಳೇನ್ರಿ?"

"ಭಾಳ ಶಾಂತ್ರಿ," ಅಂದೆ. ರೆಪ್ಪೆ ಬಡಿಯಿತು. ಅವರು ತಮ್ಮ ಹೆಂಡತಿಯ ಮುಖ ನೋಡಿದರು.

"ಅಡಿಗಿ?"

"ಅಗದೀ ಚಲೋ ಮಾಡ್ತಾಳ್ರಿ." ಮತ್ತೆ ಬಡಿಯಿತು.

ತಂಗಿ ಪಕ್ಕೆಗೆ ತಿವಿದಳು. ಕಣ್ಣು ಅಗಲಿಸಿ ಹಿಡಿದೆ. ತಲೆ ಮೇಲೆ ಫ್ಯಾನು. ಕಣ್ಣಲ್ಲಿ ನೀರು ಸುರಿಯತೊಡಗಿತು.

"ಹುಡುಗಿ ಆರೋಗ್ಯ ಹೆಂಗೈತ್ರಿ?"

"ಏನೂ ತೊಂದ್ರಿ ಇಲ್ರಿ," ಅಂದೆ, ಕೆನ್ನೆ ಮೇಲೆ ಕಣ್ಣೀರು ಹರಿಸುತ್ತಾ.

ಅವರು ಮಂಡಕ್ಕಿ ತಟ್ಟೆ ಕೆಳಗಿಟ್ಟರು. "ಏನೈತಿ ಬಿಚ್ಚಿ ಹೇಳ್ರಿ. ಇಲ್ಲಂದ್ರ ಈ ಮಾತು ಇಲ್ಲಿಗೇ ಬಿಡೂನು."

ತಂಗಿಯ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಒಳಗಿನಿಂದ ಹುಡುಗನ ಅಜ್ಜಿ ಬಂದಳು. ಮೂಗಿನ ಎರಡೂ ಕಡೆ ಮೂಗುತಿ.

"ಇವನ! ಬಸ್ಸಿನಾಗ ನನಗ ಎರಡೂ ಹೊಡದಾಂವ ಇವನ!"

ಮುಗೀತು ಕಥೆ ಅಂದುಕೊಂಡೆ. ಅಜ್ಜಿ ಎದುರಿಗೇ ಬಂದು ಕೂತಳು. "ಈ ಮನ್ಯಾಗ ಯಾರೂ ನಂಬವಲ್ಲರು. ಮುದುಕಿ, ನಿನಗ್ಯಾರು ಕಣ್ಣು ಹೊಡೀತಾರ ಅಂತ ನಗತಾರ. ಎಲ್ಲಾರ ಮುಂದ ಹೇಳು. ಕನ್ನು ಕೊಟ್ಟಾವಾ, ಲೇದಾ?" ಹೊಡೆದೆಯೋ ಇಲ್ಲವೋ, ಅಂತ.

ಜೀವನವಿಡೀ ಪಿಳುಕಿಸಿದ್ದು, ಪಿಳುಕಿಸಿದ್ದು ಅಂತ ವಾದ ಮಾಡಿದವನು ನಾನು. ತಂಗಿಯ ಮುಖ ನೋಡಿದೆ.

"ಕೊಟ್ಟೆ ಯವ್ವಾ, ಕೊಟ್ಟೆ!"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಹದಿನಾರರ ಹುಡುಗಿಯಂತೆ ನಕ್ಕಳು. "ನಾ ಹೇಳಿದ್ನಿಲ್ಲ! ಖರೆ ಮನಷ್ಯಾ ಇವ. ಸಂಬಂಧ ಬಿಡಬ್ಯಾಡ್ರಿ!"

ಮೂಲೆಯಲ್ಲಿ ಕಿವಿ ಮಂದವಾದ ಹಿರಿಯರೊಬ್ಬರಿದ್ದರು. "ಸೋದರಮಾವ ಹುಡುಗಿ ಕೊಟ್ಟೆ ಅಂದಮ್ಯಾಲ ಇನ್ನೇನ್ರಲೇ? ಸಕ್ರಿ ಹಂಚ್ರಿ!" ಎಂದು ಕೂಗಿದರು. ಹುಡುಗನ ಅಪ್ಪನಿಗೂ ತಾಯಿಯನ್ನು ಎದುರು ಹಾಕಿಕೊಳ್ಳುವ ಧೈರ್ಯ ಇರಲಿಲ್ಲ. ಸಕ್ಕರೆ ಹಂಚಿದರು.

ವಾಪಸ್ ಬರುವಾಗ ತಂಗಿ ಮುಂದಿನ ಸೀಟಿನಲ್ಲಿ ಮಗಳ ಜೊತೆ ಫೋನಿನಲ್ಲಿ ನಗುತ್ತಿದ್ದಳು. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ನನ್ನ ರೆಪ್ಪೆಯನ್ನೇ ನೋಡುತ್ತಿದ್ದಳು. ಅವಳ ತವರು ಆದೋನಿ ಕಡೆ. ತೆಲುಗು ನನಗಿಂತ ಚೆನ್ನಾಗಿ ಬರುತ್ತೆ.

"ಖರೆ ಹೇಳ್ರಿ. ಆ ಮುದುಕಿಗೆ ಹೊಡದಿದ್ರೇನು?"

"ಇಲ್ಲ ಮಾರಾಯ್ತಿ, ಧೂಳು ಬಿದ್ದಿತ್ತು," ಅಂದೆ. ಅವತ್ತು ನಾನು ಆಡಿದ ಮಾತುಗಳಲ್ಲೇ ಅತ್ಯಂತ ಖರೆ ಮಾತು ಅದು. ಬಸ್ಸು ಗುಂಡಿಗೆ ಇಳಿಯಿತು. ಹಾಳಾದ ರೆಪ್ಪೆ ಬಡಿಯಿತು.

ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡು ಕಿಟಕಿ ಕಡೆ ತಿರುಗಿದಳು.