ನೂರಾ ನಲವತ್ತರಿಂದ ನೂರೈವತ್ತರೊಳಗೆ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಯೂನುಸನ ಬಂದೂಕಿನೊಳಗಿದ್ದ ರಬ್ಬರ್ ಉಂಗುರ ಸೀಳಿಹೋಯಿತು.

ಬಂದೂಕು ಎಂದ ತಕ್ಷಣ ಗಾಬರಿಯಾಗಬೇಕಿಲ್ಲ. ಅದು ಫೋಮ್ ಬಂದೂಕು. ಹಿಂದಿನ ಹಿಡಿ ಎಳೆದರೆ ಒಳಗೊಂದು ಸ್ಪ್ರಿಂಗು ಮಡಚಿಕೊಳ್ಳುತ್ತದೆ. ಬೆರಳಡಿಯ ಕುದುರೆ ಒತ್ತಿದರೆ ಆ ಸ್ಪ್ರಿಂಗು ಬಿಚ್ಚಿಕೊಂಡು ಗಾಳಿಯನ್ನು ದಬ್ಬುತ್ತದೆ. ಗಾಳಿಯು ಕಿರುಬೆರಳಿನಷ್ಟು ದಪ್ಪದ ಸ್ಪಂಜಿನ ಡಾರ್ಟನ್ನು ಹಿತ್ತಾಳೆ ಕೊಳವೆಯಿಂದ ಆಚೆಗೆ ಉಗುಳುತ್ತದೆ. ಗಾಳಿ ಹಿಂದಕ್ಕೆ ಸೋರದಂತೆ ನೋಡಿಕೊಳ್ಳುವುದಷ್ಟೇ ಆ ಉಂಗುರದ ಕೆಲಸ. ಆದರೆ ಯಾರಾದರೂ ಅದನ್ನು ಮಕ್ಕಳ ಆಟಿಕೆ ಎಂದರೆ ಯೂನುಸನ ಮುಖ ಮದುವೆ ಮನೆಯಲ್ಲಿ ಊಟಕ್ಕೆ ಏಳಿಸದ ಬೀಗನ ಮುಖದಂತಾಗುತ್ತಿತ್ತು. ನಲವತ್ತೊಂದು ವರ್ಷದ ಅವನು ಕೊಟ್ಟೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಬಿಡಿ ಭಾಗಗಳನ್ನು ಒಂದೊಂದಾಗಿ ಪಾರ್ಸೆಲ್ಲಿನಲ್ಲಿ ತರಿಸಿ, ಯಾರನ್ನೂ ಕೇಳದೆ ತಾನೇ ಕಲಿತು ಜೋಡಿಸಿದ್ದ.

ಹರಪನಹಳ್ಳಿಯಲ್ಲಿ ಇಂಥ ಬಂದೂಕಿನವರದೊಂದು ತಂಡವಿತ್ತು. ಭಾನುವಾರ ಅಲ್ಲೊಂದು ಖಾಲಿ ಗೋದಾಮಿನಲ್ಲಿ ಆಟ. ಹತ್ತು ಜನ ಬೇಕು, ಒಂಬತ್ತು ಜನ ಸಿಕ್ಕಿದ್ದರು. ತಂಡದ ಮುಖ್ಯಸ್ಥ ಕ್ರಾಂತಿಕುಮಾರ್ ಎಂಬವನು ಯೂನುಸನಿಗೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದ: "ಅಣ್ಣಾ, ಗೋದಾಮು ಸಣ್ಣದೈತೆ. ಜೋರಾದ್ರೆ ಪೆಟ್ಟಾಗುತ್ತೆ, ಮೆತ್ತಗಾದ್ರೆ ಆಟ ಸಪ್ಪೆ. ಸೆಕೆಂಡಿಗೆ ನೂರಾ ನಲವತ್ತರಿಂದ ನೂರೈವತ್ತು ಅಡಿ. ಒಂದರ ಹಿಂದೆ ಒಂದು ಐದು ಹೊಡೆತ, ಐದೂ ಅಷ್ಟರೊಳಗೇ ಇರ್ಬೇಕು. ಗುರುವಾರ ಸಂಜೆ ಆರಕ್ಕೆ ವಿಡಿಯೋ ಬಂದಿರ್ಲಿ. ಇಲ್ಲಾಂದ್ರೆ ಕೂಡ್ಲಿಗಿಯೋರು ಒಬ್ರು ಕಾಯ್ತಾ ಅದಾರೆ."

ಒಂದು ವರ್ಷದಿಂದ ಯೂನುಸ ತನ್ನ ಅಂಗಡಿಯ ಬೀರುವಿಗೆ ಗುರಿಯಿಟ್ಟು ಹೊಡೆಯುತ್ತ ಬಂದಿದ್ದ. ಬೀರು ಒಂದು ದಿನವಾದರೂ ತಿರುಗಿ ಹೊಡೆದಿರಲಿಲ್ಲ. ಮನುಷ್ಯರೊಂದಿಗೆ ಆಡುವ ಆಸೆ ಅವನಿಗೆ ಹಸಿವಿನಂತೆ ಹತ್ತಿತ್ತು. ಈಗ ನೋಡಿದರೆ ಉಂಗುರ ಎರಡು ತುಂಡು.

ಪಕ್ಕದ ಅಂಗಡಿ ಉಸ್ಮಾನ್ ಸಾಬರದು. ಒಂದು ಕಾಲಕ್ಕೆ ಕೊಟ್ಟೂರಿನ ಸೀಮೆಎಣ್ಣೆ ಸ್ಟೋವುಗಳೆಲ್ಲ ಅವರ ಕೈಯಲ್ಲೇ ಉಸಿರಾಡಿದ್ದವು. ಈಗ ಗ್ಯಾಸ್ ಲೈಟರು, ಟಾರ್ಚು ರಿಪೇರಿ ಮಾಡುತ್ತ, ಉಳಿದ ಹೊತ್ತಿನಲ್ಲಿ ಬೇರೆಯವರ ಕೆಲಸ ನೋಡುತ್ತ ಕೂತಿರುತ್ತಿದ್ದರು.

"ಚಾಚಾ, ಇಷ್ಟಗಲದ ವಾಷರ್ ಐತೇನ್ರಿ?"

"ಯಾವ ಸ್ಟೋವಿಗೆ?"

"ಸ್ಟೋವಿಗಲ್ರಿ, ಬಂದೂಕಿಗೆ."

"ಬಂದೂಕಿನ್ಯಾಗ ಗಾಳಿ ಹೊಡಿತಿಯೇನು?"

"ಹೊಡಿತೀನ್ರಿ."

"ಹಂಗಾರ ಅದೂ ಸ್ಟೋವ ಆತಲ್ಲ ಬೇಟಾ," ಎಂದು ಉಸ್ಮಾನ್ ಸಾಬರು ಡಬ್ಬಿಯೊಂದರ ತಳ ಕೆದಕಿ ಚರ್ಮದ ಬಟ್ಟಲು ವಾಷರ್ ತೆಗೆದರು. "ಒಂದ್ ತಾಸು ಶೇಂಗಾ ಎಣ್ಣ್ಯಾಗ ನೆನಿಲಿ. ಆಮ್ಯಾಲ ನೋಡು, ಗಾಳಿ ಅಲ್ಲ, ಗಾಳಿ ನೆರಳೂ ಹಿಂದಕ್ಕ ಬರಂಗಿಲ್ಲ."

ಹನ್ನೆರಡಕ್ಕೆ ಯೂನುಸ ವಾಷರ್ ಕೂರಿಸಿ, ಬೀರುವಿನ ಮುಂದೆ ವೇಗ ಅಳೆಯುವ ಡಬ್ಬಿಯನ್ನಿಟ್ಟ. ಎರಡೂ ಕಡೆ ತೂತಿದ್ದ ಆ ಡಬ್ಬಿಯ ನಡುವೆ ಡಾರ್ಟು ಹಾದುಹೋದರೆ ಮೇಲೆ ಕೆಂಪಕ್ಷರದಲ್ಲಿ ಲೆಕ್ಕ ಮೂಡುತ್ತದೆ. ಹೊಡೆದ. ನೂರಾ ಎಪ್ಪತ್ತೆಂಟು.

"ನನ್ನದೂ ಮೊನ್ನಿ ನೂರಾ ಅರವತ್ತಿತ್ತು," ಎಂದರು ಉಸ್ಮಾನ್ ಸಾಬರು ಮರುಕದಿಂದ. "ಡಾಕ್ಟರು ಉಪ್ಪು ಬಿಡು ಅಂದಾರ."

"ಚಾಚಾ, ಇದು ಬಿಪಿ ಅಲ್ರಿ."

"ಏನರ ಇರ್ಲಿ. ನೂರಾ ಎಪ್ಪತ್ತೆಂಟು ಒಳ್ಳೇದಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಕೂತಿದ್ದ ಜಂಬಯ್ಯ ಎದ್ದು ಬಂದ. ಹಿರೇಹಡಗಲಿಯ ರೈತ ಅವನು. ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಮುಂಜಾನೆಯೇ ಟೆಂಪೋದಲ್ಲಿ ತಂದಿಳಿಸಿ, ಇವತ್ತೇ ಆಗಬೇಕು ಎಂದು ಪಟ್ಟು ಹಿಡಿದು ಕೂತವನು. ಈಗ ಮೋಟರನ್ನು ಮರೆತು ಬಂದೂಕಿನ ಸುತ್ತ ಒಂದು ಸುತ್ತು ಬಂದ.

"ಇದಕ್ಕ ಏನ್ ಆಗ್ಬೇಕು?"

"ಸ್ವಲ್ಪ ಕಮ್ಮಿ ಆಗ್ಬೇಕು."

ಜಂಬಯ್ಯನಿಗೆ ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಅವನು ಪೈಪಿನ ಬಾಯಲ್ಲಿ ಜಾಸ್ತಿ ಬರಲಿ ಎಂದು ಕೇಳಿಕೊಂಡವನೇ ಹೊರತು ಕಡಿಮೆಯಾಗಲಿ ಎಂದವನಲ್ಲ. "ಯಾರರ ಕಮ್ಮಿ ಮಾಡ್ಕೊಂತಾರೇನಪ್ಪ?" ಎಂದು ಸಂಶಯದಿಂದ ಕೇಳಿದ.

ಕೊಳವೆ ಗಿಡ್ಡವಾದರೆ ಡಾರ್ಟನ್ನು ಗಾಳಿ ನೂಕುವ ಹೊತ್ತು ಕಡಿಮೆಯಾಗುತ್ತದೆ, ವೇಗವೂ ಇಳಿಯುತ್ತದೆ ಎಂದು ಯೂನುಸ ಲೆಕ್ಕ ಹಾಕಿದ. ಗರಗಸ ತೆಗೆದು ಹಿತ್ತಾಳೆ ಕೊಳವೆಯ ತುದಿಯಿಂದ ನಾಲ್ಕು ಬೆರಳು ಕೊಯ್ದ. ಅಂಚು ಅರದಿಂದ ಉಜ್ಜಿದ. ಹೊಡೆದ. ನೂರಾ ಎಂಬತ್ತಾರು.

ಯೂನುಸ ಡಬ್ಬಿಯನ್ನು ತಟ್ಟಿ ನೋಡಿದ. ಮತ್ತೆ ಹೊಡೆದ. ನೂರಾ ಎಂಬತ್ತೈದು.

"ಅಲ್ಲಲೇ, ಪೈಪ್ ಉದ್ದ ಇದ್ದಷ್ಟೂ ಒಳಗ ತಿಕ್ಕಾಡಿ ಸೋಲ್ತದ," ಎಂದ ಜಂಬಯ್ಯ. "ಕೊಯ್ದರ ಜೋರು ಬರ್ತದ. ನಮ್ಮ ಹೊಲಕ್ಕ ಬಾ, ತೋರಿಸ್ತೀನಿ."

"ಕೊಯ್ಯೂ ಮುಂಚೆ ಹೇಳ್ಬೇಕಿಲ್ಲೇನು?"

"ನೀ ಜೋರು ಬ್ಯಾಡ ಅಂತೀ ಅಂತ ನಾ ಹೆಂಗ ನಂಬ್ಲಿ? ಬಾಯ್ತಪ್ಪಿ ಅಂದಿರಬೇಕು ಅನ್ಕೊಂಡೆ."

ಊಟ ತಂದ ಹೆಂಡತಿ ತಬಸ್ಸುಮ್ ಬುತ್ತಿ ಕೆಳಗಿಟ್ಟು, ಬಿಚ್ಚಿ ಹರಡಿದ್ದ ಸ್ಕ್ರೂಗಳನ್ನೂ ಗಂಡನ ಮುಖವನ್ನೂ ಒಮ್ಮೆ ನೋಡಿದಳು. ಎರಡೂ ಚದುರಿದ್ದವು. ಅವಳು ಬೈಯಲಿಲ್ಲ. ಕಳೆದ ಶ್ರಾವಣದಲ್ಲಿ ಬೀರುವಿನ ಕನ್ನಡಿ ಹೋದಾಗಲೇ ಬೈದು ಮುಗಿಸಿದ್ದಳು.

"ಮೊದಲಿನ ಸ್ಪ್ರಿಂಗು ಎಲ್ಲೈತಿ? ಮೊದಲನೇ ಪಾರ್ಸೆಲ್ಲಿನ್ಯಾಗ ಬಂದಿತ್ತಲ್ಲ, ಮೆತ್ತಂದು."

ಯೂನುಸ ತಲೆ ಎತ್ತಿದ. ಇಂಥ ಬುದ್ಧಿ ತನಗೆ ಹೊಳೆಯಬೇಕಿತ್ತು ಎಂಬ ಸಂಕಟದಲ್ಲೇ ಹುಡುಕಿ ತೆಗೆದು ಹಾಕಿದ. ಹೊಡೆದ. ನೂರಾ ನಲವತ್ತಾರು. ಅಂಗಡಿಯಲ್ಲಿ ಎಲ್ಲರೂ ತಮ್ಮ ಮನೆಯ ಮಗು ಪಾಸಾದಂತೆ ನಿಟ್ಟುಸಿರು ಬಿಟ್ಟರು. ಎರಡನೆಯದು ನೂರಾ ಮೂವತ್ತೆಂಟು. ಮೂರನೆಯದು ನೂರೈವತ್ತೊಂದು. ನಾಲ್ಕು, ನೂರಾ ಮೂವತ್ತಮೂರು. ತಬಸ್ಸುಮ್ ಸೀಮೆಸುಣ್ಣದಿಂದ ಷಟರ್ ಮೇಲೆ ಬರೆಯುತ್ತ ಹೋದಳು. ಅಂಕಿಗಳು ಬಿಟ್ಟ ಕುರಿಗಳಂತೆ ಎಲ್ಲೆಂದರಲ್ಲಿ ಮೇಯುತ್ತಿದ್ದವು.

ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಸಾಬರು ಎಣ್ಣೆ ಸಾಲದು ಎಂದರು, ಎಣ್ಣೆ ಹಾಕಿದ. ಎಣ್ಣೆ ಜಾಸ್ತಿಯಾಯಿತು ಎಂದರು, ಒರೆಸಿದ. ಡಾರ್ಟುಗಳ ತೂಕದಲ್ಲಿ ಹೆಚ್ಚುಕಡಿಮೆ ಇರಬಹುದೆಂದು ಓಣಿಯ ಕೊನೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿಸಿ ತಂದ. ಅಕ್ಕಸಾಲಿಗ ಯರ್ರಿಸ್ವಾಮಿ ಎಲ್ಲವನ್ನೂ ತೂಗಿ, "ಎಲ್ಲಾ ಒಂದಾ ತೂಕ. ಇದರಾಗ ಬಂಗಾರ ಇಲ್ಲ ಅಂತ ನಿಂಗ ಗೊತ್ತೈತಿ ಹೌದಿಲ್ಲೋ?" ಎಂದು ಮೆತ್ತಗೆ ಕೇಳಿದ. ಸ್ಪ್ರಿಂಗು ಬಿಚ್ಚಿದ, ಹಾಕಿದ, ತಿರುವಿ ಹಾಕಿದ. ಗಡಿಯಾರ ನಾಲ್ಕೂವರೆ ಮುಟ್ಟಿತು. ಷಟರ್ ಮೇಲೆ ಬರೆಯಲು ಜಾಗವಿರಲಿಲ್ಲ.

ಈ ಹೊತ್ತಿಗೆ ಬೀರುವಿನ ಬಾಗಿಲು ದಡಬಡ ಎನ್ನುತ್ತದೆಂದು ಸಾಬರು ತಕರಾರು ತೆಗೆದದ್ದರಿಂದ, ದಿಕ್ಕು ಬದಲಿಸಿ ಬೀದಿಯ ಕಡೆಗೆ ಹೊಡೆಯುವುದೆಂದಾಯಿತು. ಬಾಗಿಲಿಗೆ ಅಡ್ಡವಾಗಿ ಜಂಬಯ್ಯ ಗೋಣಿಚೀಲ ಹಿಡಿದು ನಿಂತ. ಯೂನುಸ ಕುದುರೆ ಒತ್ತುವುದಕ್ಕೂ ಜಂಬಯ್ಯನ ಜೇಬಿನಲ್ಲಿ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಊರಿನಿಂದ ಮನೆಯಾಕೆ, ಮೋಟರ್ ಆಯಿತೇ ಎಂದು. ಜಂಬಯ್ಯ ಚೀಲ ಇಳಿಸಿದ. ಡಾರ್ಟು ಅವನ ಕಂಕುಳ ಕೆಳಗಿಂದ ಹಾರಿ, ರಸ್ತೆ ದಾಟಿ, ಎದುರು ಮನೆಯ ಕಟ್ಟೆಯ ಮೇಲಿದ್ದ ಸಂಡಿಗೆ ಹಿಟ್ಟಿನ ಬೋಗುಣಿಯಲ್ಲಿ ನೆಟ್ಟಗೆ ನಿಂತಿತು.

"ಹಲೋ," ಎಂದ ಜಂಬಯ್ಯ ಫೋನಿಗೆ. "ಆಗಾಕತ್ತೈತಿ. ಭಾಳ ಜನ ಕೂಡಿ ಮಾಡಾಕತ್ತಾರ."

ಎದುರು ಮನೆಯ ಗುರುಬಸಮ್ಮ ಬಂದಳು. ಅರವತ್ಮೂರು ವರ್ಷದ ಹೆಂಗಸು. ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಖಾನಾವಳಿ ನಡೆಸಿ, ದಿನಕ್ಕೆ ಇನ್ನೂರು ರೊಟ್ಟಿ ಬಡಿದು, ಈಗ ಮೊಣಕಾಲಿನ ಮಾತು ಕೇಳಿ ಮನೆಯಲ್ಲಿದ್ದಳು. ಒಂದು ರೊಟ್ಟಿ ಇನ್ನೊಂದಕ್ಕಿಂತ ದೊಡ್ಡದೆಂದು ಗಿರಾಕಿಗಳು ಜಗಳಾಡಲು ಆಕೆ ಒಂದು ದಿನವೂ ಆಸ್ಪದ ಕೊಟ್ಟಿರಲಿಲ್ಲ. ಹಿಟ್ಟು ಮೆತ್ತಿದ ಡಾರ್ಟನ್ನು ಎರಡು ಬೆರಳಲ್ಲಿ ಹಿಡಿದು ಅಂಗಡಿಯ ಮೆಟ್ಟಿಲೇರಿದಳು.

"ಇದು ಕರದು ತಿನ್ನೂದೋ, ಒಣಗಿಸೂದೋ?"

"ತಪ್ಪಾತ್ರಿ ಗುರುಬಸಮ್ಮ," ಎಂದ ಯೂನುಸ. ಅವನ ದನಿಯಲ್ಲಿ ದಣಿವು ತಪ್ಪಿಗಿಂತ ಹೆಚ್ಚಾಗಿತ್ತು. ತಬಸ್ಸುಮ್ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಗುರುಬಸಮ್ಮ ಷಟರ್ ಮೇಲಿನ ಅಂಕಿಗಳನ್ನು ಮೇಲಿನಿಂದ ಕೆಳಗೆ ಓದಿದಳು.

"ಒಂದರಂಗ ಒಂದಿಲ್ಲಲ್ಲೋ."

"ಅದಾ ನೋಡ್ರಿ ತ್ರಾಸು."

"ನಂದೊಂದು ಬೋಗುಣಿ ಹಿಟ್ಟು ಕೆಡಿಸಿದಿ. ನಾನೂ ಒಂದ್ ಸಲ ಹೊಡಿತೀನಿ, ಕೊಡು."

ಇಲ್ಲ ಎನ್ನಲು ಯೂನುಸನಿಗೆ ಮುಖವಿರಲಿಲ್ಲ. ಬೆಸುಗೆ ಹಾಕುವಾಗಿನ ಕನ್ನಡಕ ಕೊಟ್ಟ. ಆಕೆ ಅದನ್ನು ತನ್ನ ಕನ್ನಡಕದ ಮೇಲೇ ಏರಿಸಿಕೊಂಡಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ ಡಾರ್ಟು ತೆಗೆದುಕೊಂಡು ಗೂಡಿನೊಳಗೆ ಇಟ್ಟು, ಹೆಬ್ಬೆರಳಿನ ಉಗುರು ಮುಚ್ಚುವಷ್ಟು ಒತ್ತಿದಳು. ಹಿಡಿಯನ್ನು ಅವಸರವಿಲ್ಲದೆ ಕೊನೆ ಮುಟ್ಟುವವರೆಗೆ ಎಳೆದಳು. ಉಸಿರೊಂದು ಬಿಟ್ಟಳು. ಒತ್ತಿದಳು.

ನೂರಾ ನಲವತ್ತಾರು.

"ಇನ್ನೊಂದ್ ಹೊಡಿಲೇನು?"

ನೂರಾ ನಲವತ್ತೇಳು. ಆಮೇಲೆ ನೂರಾ ನಲವತ್ತಾರು. ಆಮೇಲೆ ನೂರಾ ನಲವತ್ತೈದು. ಉಸ್ಮಾನ್ ಸಾಬರು ಸ್ಟೂಲು ಎಳೆದುಕೊಂಡು ಕೂತರು.

ಯೂನುಸ ಆಕೆಯ ಕೈಯನ್ನೇ ನೋಡಿದ. ಪ್ರತಿ ಸಲವೂ ಡಾರ್ಟು ಅಷ್ಟೇ ಆಳ. ಪ್ರತಿ ಸಲವೂ ಹಿಡಿ ಅಷ್ಟೇ ಹಿಂದೆ. ಪ್ರತಿ ಸಲವೂ ನಡುವೆ ಅಷ್ಟೇ ಹೊತ್ತು. ನಿಧಾನವಾಗಿ ಅವನಿಗೆ ತಿಳಿಯುತ್ತ ಬಂತು. ಇಡೀ ದಿನ ಬಂದೂಕನ್ನು ಬಿಚ್ಚಿ ಹಾಕಿದ್ದ. ಸ್ಪ್ರಿಂಗು ಹಾಕಿದ ಮೇಲೆ ಬಂದೂಕಿನಲ್ಲಿ ದೋಷವೇ ಇರಲಿಲ್ಲ. ಒಂದು ಸಲ ಡಾರ್ಟು ಆಳಕ್ಕೆ, ಇನ್ನೊಂದು ಸಲ ಮೇಲೆ. ಒಂದು ಸಲ ಹಿಡಿ ಪೂರ್ತಿ, ಇನ್ನೊಂದು ಸಲ ಮುಕ್ಕಾಲು. ಟ್ಯೂನ್ ಮಾಡಬೇಕಾದದ್ದು ಅವನ ಕೈಯನ್ನು. ಆಕೆಯಂತೆಯೇ ಮಾಡಲು ಹೋದ. ನೂರಾ ಮೂವತ್ತೊಂಬತ್ತು.

"ಅವಸರ ಮಾಡ್ತಿ," ಎಂದಳು ಗುರುಬಸಮ್ಮ. "ರೊಟ್ಟಿ ಹರೀತಿತ್ತು ಈಗ."

"ಕಲಿಯಾಕ ಎಷ್ಟ್ ದಿನ ಬೇಕ್ರಿ?"

"ನಂಗ ಮೂವತ್ತು ವರ್ಷ ಹಿಡೀತು."

ಗಡಿಯಾರದಲ್ಲಿ ಐದು ಐವತ್ತು. ತಬಸ್ಸುಮ್ ಗಂಡನ ಕಿವಿಯಲ್ಲಿ ಹೇಳಿದಳು: "ಬಂದೂಕಿನ ವೇಗ ನೋಡ್ತಾರ, ಹೊಡಿಯೋರು ಯಾರಂತ ಯಾರ್ ನೋಡ್ತಾರ? ಅವರಾ ಹೊಡೀಲಿ, ನಾ ವಿಡಿಯೋ ಮಾಡ್ತೀನಿ."

ಹಾಗೆಯೇ ಆಯಿತು. ಗುರುಬಸಮ್ಮ ಐದು ಹೊಡೆದಳು. ಐದರಲ್ಲಿ ಹೆಚ್ಚು ಕಡಿಮೆ ಎಂದರೆ ಎರಡೇ ಅಡಿ. ಐದನೆಯದಾದ ಮೇಲೆ ಆಕೆ ಫೋನಿನ ಕಡೆ ತಿರುಗಿ, "ಸಾಕೋ, ಇನ್ನೂ ಬೇಕೋ?" ಎಂದು ಕೇಳಿದ್ದೂ ವಿಡಿಯೋದಲ್ಲಿ ಬಿದ್ದಿತ್ತು. ಅದನ್ನು ಕತ್ತರಿಸಲು ಹೊತ್ತಿರಲಿಲ್ಲ. ಆರಕ್ಕೆ ಎರಡು ನಿಮಿಷವಿರುವಾಗ ಯೂನುಸ ಕಳಿಸಿದ. ಭಾನುವಾರ ಎದುರಾಳಿಗಳು ತನ್ನ ಮೇಲೂ ಹೊಡೆಯುತ್ತಾರೆ ಎಂದು ನೆನೆದೇ ಅವನಿಗೆ ಹೊಟ್ಟೆ ತಣ್ಣಗಾಯಿತು.

ಆರೂಕಾಲಿಗೆ ಕ್ರಾಂತಿಕುಮಾರನ ಫೋನು ಬಂತು. ಎಲ್ಲರಿಗೂ ಕೇಳಲೆಂದು ಯೂನುಸ ಸ್ಪೀಕರ್ ಹಾಕಿದ.

"ಅಣ್ಣಾ, ಒಂಬತ್ತು ಜನಾನೂ ಕೂತು ನೋಡಿದ್ವಿ. ಐದಕ್ಕೈದು ಹಿಂಗೆ ಒಂದೇ ಸಮ ನಾವು ನೋಡೇ ಇಲ್ಲ."

"ಅದು ಸ್ಟೋವಿನ ವಾಷರ್," ಎಂದು ಯೂನುಸ ನಾಚುತ್ತ ಶುರು ಮಾಡಿದ. "ಶೇಂಗಾ ಎಣ್ಣ್ಯಾಗ ಒಂದ್ ತಾಸು..."

"ಬಂದೂಕು ಬಿಡಣ್ಣ, ಬಂದೂಕು ನಮ್ಮ ಹತ್ರಾನೂ ಅದಾವೆ. ಅಂಥ ಕೈ ಇಲ್ಲ. ಆ ಅಮ್ಮನ ಹೆಸರು ಹೇಳು, ಹತ್ತನೇ ಜಾಗಕ್ಕೆ ಅವ್ರನ್ನೇ ಬರ್ಕೊಂತೀವಿ."

ಹೆಸರು ಹೇಳಿದ್ದು ಆಕೆಯ ಖಾನಾವಳಿಯಲ್ಲಿ ಎಷ್ಟೋ ಸಲ ಉಂಡಿದ್ದ ಜಂಬಯ್ಯ, ಅದೂ ಅಡ್ಡಹೆಸರಿನ ಸಮೇತ.

"ಮತ್ತ ನಾನು?" ಎಂದ ಯೂನುಸ.

"ನೀನು ಬಾರದಿದ್ರೆ ಹೆಂಗಣ್ಣ? ಆಟ ಮುಗಿದ್ ಮ್ಯಾಲೆ ಸಾವಿರಗಟ್ಟಲೆ ಡಾರ್ಟು ನೆಲದಾಗೆ ಬಿದ್ದಿರ್ತಾವೆ. ಬಗ್ಗಿ ಆರಿಸೋರು ನಮ್ಮಾಗೆ ಯಾರೂ ಇಲ್ಲ."

ಯೂನುಸ ಗುರುಬಸಮ್ಮನ ಕಡೆ ನೋಡಿದ. ಮೊಣಕಾಲು ನೋವಿನ ಹೆಂಗಸು, ಅಷ್ಟು ದೂರ ಒಲ್ಲೆ ಎಂದುಬಿಡುತ್ತಾಳೆ ಎಂಬ ಒಂದೆಳೆ ಆಸೆ ಇನ್ನೂ ಉಳಿದಿತ್ತು.

"ಎಷ್ಟೊತ್ತಿಗೆ ಬರ್ಬೇಕು ಅಂತ ಕೇಳು," ಎಂದಳು ಆಕೆ.

"ಹತ್ತಕ್ಕಂತ್ರಿ."

"ಹಂಗಾರ ಎಂಟರ ಬಸ್ಸು. ಆರಿಸಾಕ ಒಂದು ಚೀಲ ತಗೊಂಬಾ, ಮರೀಬ್ಯಾಡ." ಗುರುಬಸಮ್ಮ ಎರಡು ಕನ್ನಡಕಗಳಲ್ಲಿ ಮೇಲಿನದನ್ನು ತೆಗೆದಿಟ್ಟು, ಬಂದೂಕನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಭಾನುವಾರದ ತನಕ ಇದು ನಮ್ಮನಿಯಾಗ ಇರ್ಲಿ. ನಿನ್ನ ಕೈಯಾಗ ಬಿಟ್ರ ಮತ್ತ ಬಿಚ್ಚತಿ."

ಇಲ್ಲ, ಬಿಚ್ಚುವುದಿಲ್ಲ ಎಂದು ಹೇಳಲು ಯೂನುಸ ಬಾಯಿ ತೆರೆದ. ಅಷ್ಟರಲ್ಲಿ ಅವನ ಕೈ ಸ್ಕ್ರೂಡ್ರೈವರನ್ನು ಹಿಡಿದಾಗಿತ್ತು.